ಈಜಿಪ್ಟಿನವರ ಉಡುಪು: ತಲೆ ಬಿಟ್ಟು ಜೇಬು ನೋಡಿ

ಕೈರೋದ ಬೂಲಾಕ್ ಬಡಾವಣೆಯಲ್ಲಿ, ನೈಲ್ ದಂಡೆಗೆ ಹತ್ತಿರದಲ್ಲೇ, ವಿಕಾಲೆತ್ ಎಲ್ ಬಲಹ್ ಎಂಬ ಮಾರುಕಟ್ಟೆ ಇದೆ. ಒಂದು ಕಾಲಕ್ಕೆ ಖರ್ಜೂರದ ವ್ಯಾಪಾರ ನಡೆಯುತ್ತಿದ್ದ ಜಾಗ. ಈಗ ಹಳೇ ಬಟ್ಟೆಗೆ ಹೆಸರುವಾಸಿ. ಯುರೋಪಿನವರು ಹಾಕಿ ಬಿಟ್ಟ ಶರ್ಟು, ಕೋಟು, ಜೀನ್ಸು ಇಲ್ಲಿ ಬೇಲ್‌ಗಟ್ಟಲೆ ಬಂದಿಳಿಯುತ್ತವೆ. ಈ ಬಟ್ಟೆಗೆ ಅಲ್ಲಿನವರು 'ಬಾಲಾ' ಅನ್ನುತ್ತಾರೆ. ಚೆನ್ನಾಗಿರುವುದನ್ನು ಆರಿಸಿ ಹ್ಯಾಂಗರಿಗೆ ಹಾಕುತ್ತಾರೆ, ಉಳಿದದ್ದನ್ನು ರಾಶಿ ಸುರಿಯುತ್ತಾರೆ. ರಾಶಿಗೆ ಕೈ ಹಾಕಿ ಹುಡುಕುವ ತಾಳ್ಮೆ ಇದ್ದರೆ ಒಳ್ಳೆಯ ಕಂಪನಿಯ ಜಾಕೆಟ್ಟೇ ಸಿಗಬಹುದು.

ಮೊದಲು ಇಲ್ಲಿಗೆ ಬರುತ್ತಿದ್ದವರು ಬಡವರು, ಸಣ್ಣ ಸಂಬಳದವರು. ಮಧ್ಯಮ ವರ್ಗದವರೂ ಬರುತ್ತಿದ್ದರು, ಆದರೆ ಎಲ್ಲಿ ಕೊಂಡದ್ದು ಅಂತ ಬಾಯಿ ಬಿಡುತ್ತಿರಲಿಲ್ಲ. ಈಗ ಇದಕ್ಕೆ 'ಥ್ರಿಫ್ಟಿಂಗ್' ಎಂಬ ಹೆಸರು ಬಂದಿದೆ. ಕಾಲೇಜು ಹುಡುಗಿಯರು ಇಲ್ಲಿ ಸುತ್ತಾಡಿ ಟಿಕ್‌ಟಾಕ್ ವಿಡಿಯೊ ಮಾಡುತ್ತಾರೆ. ಇಲ್ಲಿಂದ ಆರಿಸಿ ತಂದದ್ದನ್ನು ಒಗೆದು, ಇಸ್ತ್ರಿ ಮಾಡಿ, 'ವಿಂಟೇಜ್' ಅಂತ ಇನ್‌ಸ್ಟಾಗ್ರಾಂನಲ್ಲಿ ಮಾರುವವರೂ ಇದ್ದಾರೆ. ಮುಜುಗರ ಹೋಯಿತು, ಹೆಮ್ಮೆ ಬಂತು. ಅದರ ಬೆನ್ನಿಗೇ ಬೆಲೆಯೂ ಏರಿತು. ಹಳೇ ಗಿರಾಕಿಗಳಿಗೆ ಇದೇನು ಖುಷಿಯ ಸುದ್ದಿ ಅಲ್ಲ.

ಈಜಿಪ್ಟಿನ ಉಡುಪು ಅಂದ ಕೂಡಲೇ ಹೊರಗಿನವರ ಕಣ್ಣು ಹೋಗುವುದು ಹೆಂಗಸರ ತಲೆಯ ಮೇಲಕ್ಕೆ. ಹಿಜಾಬ್ ಇದೆಯೋ ಇಲ್ಲವೋ, ಹೆಚ್ಚಾಗುತ್ತಿದೆಯೋ ಕಡಿಮೆಯಾಗುತ್ತಿದೆಯೋ? ಚರ್ಚೆ ಅಲ್ಲಿಗೇ ಶುರು, ಅಲ್ಲಿಗೇ ಮುಕ್ತಾಯ. ಧರ್ಮಕ್ಕೆ ಇಲ್ಲಿ ಪಾತ್ರ ಇದ್ದೇ ಇದೆ, ಅದನ್ನು ತಳ್ಳಿಹಾಕಲು ಆಗದು. ಆದರೆ ಕಳೆದ ನೂರು ವರ್ಷದಲ್ಲಿ ಆ ದೇಶದ ಬಟ್ಟೆ ಬದಲಾದಾಗಲೆಲ್ಲ ಅದರ ಹಿಂದೆ ದುಡ್ಡು ಮತ್ತು ಅಂತಸ್ತಿನ ಕೈವಾಡ ಕಾಣುತ್ತದೆ. ಯಾರ ಕೈಯಲ್ಲಿ ಎಷ್ಟಿದೆ, ಯಾರು ಯಾವ ಬಾಗಿಲೊಳಗೆ ಹೋಗಬಹುದು ಎಂಬ ಲೆಕ್ಕ ಅದು. ಈಗ ನಡೆಯುತ್ತಿರುವುದೂ ಅದೇ.

ಪೌಂಡ್ ಬಿದ್ದಾಗ

2022ರ ಮಾರ್ಚ್ ಶುರುವಿನಲ್ಲಿ ಒಂದು ಡಾಲರಿಗೆ 16 ಈಜಿಪ್ಟ್ ಪೌಂಡ್ ಕೂಡ ಇರಲಿಲ್ಲ. ಆ ತಿಂಗಳು ಪೌಂಡಿನ ಬೆಲೆ ಇಳಿಸಿದರು. ಅಕ್ಟೋಬರಿನಲ್ಲಿ ಮತ್ತೆ, 2023ರ ಜನವರಿಯಲ್ಲಿ ಮತ್ತೆ. ಕೊನೆಗೆ 2024ರ ಮಾರ್ಚ್ 6ರಂದು ಕೇಂದ್ರ ಬ್ಯಾಂಕು ಪೌಂಡಿನ ಬೆಲೆ ಹಿಡಿದಿಡುವುದನ್ನೇ ಕೈ ಬಿಟ್ಟಿತು. ಒಂದೇ ದಿನದಲ್ಲಿ ಪೌಂಡ್ ಡಾಲರಿಗೆ 31ರಿಂದ 50ರ ಹತ್ತಿರಕ್ಕೆ ಕುಸಿಯಿತು. ಲೆಕ್ಕ ಹಾಕಿ ನೋಡಿ: 50 ಡಾಲರಿನ ಜೀನ್ಸು 2022ರ ಶುರುವಿನಲ್ಲಿ ಸುಮಾರು 800 ಪೌಂಡ್, 2024ರ ಮಾರ್ಚ್ ಹೊತ್ತಿಗೆ ಸುಮಾರು 2,500. ಇದರ ನಡುವೆ 2023ರ ಸೆಪ್ಟೆಂಬರಿನಲ್ಲಿ ಹಣದುಬ್ಬರ ಶೇ 38 ಮುಟ್ಟಿತ್ತು. 2025ರಲ್ಲಿ ಕನಿಷ್ಠ ವೇತನ ತಿಂಗಳಿಗೆ 7,000 ಪೌಂಡ್ ಆಯಿತು. ಅಂದರೆ ಹೆಚ್ಚು ಕಡಿಮೆ 140 ಡಾಲರ್. ಸಂಬಳದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕೊಟ್ಟು ಒಂದು ಪ್ಯಾಂಟು ಯಾರು ತಗೋತಾರೆ?

ದರ ಏರಿದ್ದು ಒಂದು ಪೆಟ್ಟಾದರೆ, ಮಾಲೇ ಬಾರದಿದ್ದದ್ದು ಇನ್ನೊಂದು. 2022ರಲ್ಲಿ ಡಾಲರ್ ಕೊರತೆಯಾದಾಗ ಸರ್ಕಾರ ಆಮದಿಗೆ ಬಿಗಿ ನಿಯಮ ತಂದಿತು. ಬ್ಯಾಂಕಿನಿಂದ ಲೆಟರ್ ಆಫ್ ಕ್ರೆಡಿಟ್, ಅಂದರೆ ಹಣ ಪಾವತಿಯ ಖಾತರಿ ಪತ್ರ, ತಂದರೆ ಮಾತ್ರ ಸರಕು ತರಿಸಬಹುದು. ಬ್ಯಾಂಕುಗಳಲ್ಲಿ ಡಾಲರೇ ಇಲ್ಲ! ಬಂದರುಗಳಲ್ಲಿ ಕಂಟೇನರುಗಳು ಕೂತವು. ವರ್ಷದ ಕೊನೆಗೆ ಆ ನಿಯಮ ಹೋಯಿತು, ಆದರೆ ಅಷ್ಟರಲ್ಲಿ ಅಂಗಡಿಯವರು ಪಾಠ ಕಲಿತಿದ್ದರು. ವಿದೇಶಿ ಮಾಲನ್ನೇ ನಂಬಿ ಕೂತರೆ ಕಷ್ಟ ಅಂತ.

ಜನ ಏನು ಮಾಡಿದರು? ಒಂದಿಷ್ಟು ಮಂದಿ ಬಾಲಾಕ್ಕೆ ಹೋದರು. ಒಂದಿಷ್ಟು ಮಂದಿ ಕಂತಿಗೆ ಹೋದರು. ಟಿವಿ, ಫ್ರಿಜ್ ಕಂತಿನಲ್ಲಿ ಕೊಳ್ಳುವುದು ಹಳೇ ಮಾತು. ಈಗ ಮೊಬೈಲ್ ಆ್ಯಪ್ ಮೂಲಕ ಶೂ, ಜಾಕೆಟ್ಟಿಗೂ ಕಂತು. ಹಳ್ಳಿ, ಓಣಿಗಳಲ್ಲಿ 'ಗಮೇಯಾ' ಇದ್ದೇ ಇದೆ. ಹತ್ತು ಜನ ತಿಂಗಳಿಗಿಷ್ಟು ಅಂತ ಹಾಕಿ, ಸರದಿಯ ಮೇಲೆ ಒಬ್ಬೊಬ್ಬರು ಎತ್ತುವ ವ್ಯವಸ್ಥೆ. ನಮ್ಮ ಚೀಟಿ ಇದ್ದ ಹಾಗೆ. ಈದ್‌ಗೆ ಮೊದಲು ಎತ್ತುವ ಸರದಿಗೆ ಬೇಡಿಕೆ ಜಾಸ್ತಿ, ಯಾಕೆಂದರೆ ಹಬ್ಬಕ್ಕೆ ಮಕ್ಕಳಿಗೆ ಹೊಸ ಬಟ್ಟೆ ಆಗಲೇಬೇಕು. ಅದನ್ನು ತಪ್ಪಿಸುವುದು ಅಲ್ಲಿ ದೊಡ್ಡ ಅವಮಾನ. ಹಬ್ಬದ ಹಿಂದಿನ ವಾರ ಕೈರೋದ ಅತಬಾ, ಮೂಸ್ಕಿ ಬೀದಿಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ.

ಅಂದಹಾಗೆ ವಿದೇಶಿ ಬಟ್ಟೆಯ ಈ ಹಂಬಲ ಹೊಸದೇನಲ್ಲ. 1976ರಲ್ಲಿ ಪೋರ್ಟ್ ಸೈದ್ ಎಂಬ ಬಂದರು ನಗರ ಸುಂಕರಹಿತ ವಲಯವಾಯಿತು. ಐವತ್ತು, ಅರವತ್ತರ ದಶಕದಲ್ಲಿ ದೇಶ ಆಳಿದ ನಾಸರ್ ಕಾಲದಲ್ಲಿ ಸರ್ಕಾರಿ ಗಿರಣಿಯ ಬಟ್ಟೆಯನ್ನೇ ಉಟ್ಟು ಬೇಸತ್ತಿದ್ದ ಜನ ಬಸ್ಸು ಹಿಡಿದು ಅಲ್ಲಿಗೆ ಹೋಗಿ ಜೀನ್ಸು ತರುತ್ತಿದ್ದರು. ಸುಂಕದ ಗೇಟಿನಲ್ಲಿ ತಪಾಸಣೆ. ತಪ್ಪಿಸಿಕೊಳ್ಳಲು ಹೊಸ ಬಟ್ಟೆಯನ್ನು ಒಂದರ ಮೇಲೊಂದು ಹಾಕಿಕೊಂಡು ಬರುವುದೂ ಇತ್ತು.

ಆ ಹಳೇ ಫೋಟೊ ಹೇಳದ ಕತೆ

1960ರ ದಶಕದ ಕೈರೋ ವಿಶ್ವವಿದ್ಯಾಲಯದ ಫೋಟೊಗಳನ್ನು ನೀವೂ ನೋಡಿರುತ್ತೀರಿ. ಹುಡುಗಿಯರು ಮೊಣಕಾಲಿನ ಸ್ಕರ್ಟು, ತೋಳಿಲ್ಲದ ಬ್ಲೌಸು ಹಾಕಿದ್ದಾರೆ. ತಲೆ ಮೇಲೆ ಏನೂ ಇಲ್ಲ. ಪಕ್ಕದಲ್ಲಿ ಇವತ್ತಿನ ಫೋಟೊ, ಎಲ್ಲರೂ ಹಿಜಾಬಿನಲ್ಲಿ. 'ನೋಡಿ, ಎಷ್ಟು ಹಿಂದೆ ಹೋದರು' ಅಂತ ಶೀರ್ಷಿಕೆ. ಇದರ ಜತೆಗೇ ನಾಸರ್ ಭಾಷಣದ ತುಣುಕೂ ಸುತ್ತುತ್ತಿರುತ್ತದೆ. 1953ರಲ್ಲಿ ಧಾರ್ಮಿಕ ಸಂಘಟನೆ ಮುಸ್ಲಿಂ ಬ್ರದರ್‌ಹುಡ್‌ನ ಮುಖ್ಯಸ್ಥರು ಬಂದು ಹೆಂಗಸರೆಲ್ಲ ತಲೆ ಮುಚ್ಚುವಂತೆ ಮಾಡಿ ಅಂದರಂತೆ. ನಿಮ್ಮ ಮಗಳೇ ಮುಚ್ಚುವುದಿಲ್ಲವಲ್ಲ ಅಂತ ನಾಸರ್ ತಿರುಗಿ ಕೇಳಿದರಂತೆ. ಸಭೆಯಲ್ಲಿ ನಗುವೋ ನಗು.

ಆ ಫೋಟೊಗಳು ಸುಳ್ಳಲ್ಲ. ಆದರೆ ಅದರಲ್ಲಿ ಇರುವವರು ಯಾರು? ಆ ಕಾಲದಲ್ಲಿ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತುತ್ತಿದ್ದ ಹುಡುಗಿಯರು ಬಹುಪಾಲು ನಗರದ ಅನುಕೂಲಸ್ಥರ ಮನೆಯವರು. ದೇಶದ ಬಹಳಷ್ಟು ಹೆಂಗಸರಿಗೆ ಆಗ ಓದು ಬರಹವೇ ಇರಲಿಲ್ಲ. ಹಳ್ಳಿಯ ಹೆಂಗಸು 1960ರಲ್ಲೂ ತಲೆಗೆ 'ತರ್ಹಾ' ಹೊದೆಯುತ್ತಿದ್ದಳು, ಅವಳ ಅಜ್ಜಿಯೂ ಹೊದೆಯುತ್ತಿದ್ದಳು. ಕೈರೋ, ಅಲೆಕ್ಸಾಂಡ್ರಿಯಾದ ಹಳೇ ಓಣಿಗಳಲ್ಲಿ ಹೆಂಗಸರು 'ಮಿಲಾಯಾ ಲಫ್' ಎಂಬ ಕಪ್ಪು ಬಟ್ಟೆಯನ್ನು ಮೈಗೆ ಬಿಗಿಯಾಗಿ ಸುತ್ತಿಕೊಂಡು ಹೊರಗೆ ಬರುತ್ತಿದ್ದರು. ಈಗ ಅದು ಜಾನಪದ ಕುಣಿತದ ವೇದಿಕೆಯಲ್ಲಿ ಮಾತ್ರ ಉಳಿದಿದೆ. ಇವರ ಫೋಟೊ ಯಾರೂ ಫಾರ್ವರ್ಡ್ ಮಾಡುವುದಿಲ್ಲ, ಅಲ್ವಾ?

1962ರಲ್ಲಿ ನಾಸರ್ ಸರ್ಕಾರ ವಿಶ್ವವಿದ್ಯಾಲಯದ ಶುಲ್ಕ ತೆಗೆದುಹಾಕಿತು. ಹಳ್ಳಿಯವರ, ಗುಮಾಸ್ತರ, ಕೂಲಿಯವರ ಮಕ್ಕಳು ಮೊದಲ ಬಾರಿಗೆ ಕಾಲೇಜಿಗೆ ಬಂದರು. ಎಪ್ಪತ್ತರ ದಶಕದ ಹೊತ್ತಿಗೆ ತರಗತಿಗಳು ತುಂಬಿ ತುಳುಕುತ್ತಿದ್ದವು. ಈ ಹುಡುಗಿಯರಿಗೆ ಪ್ಯಾರಿಸ್ ಮಾದರಿಯ ಉಡುಪು ಕೊಳ್ಳಲು ದುಡ್ಡಿಲ್ಲ. ಇಕ್ಕಟ್ಟಿನ ಬಸ್ಸಿನಲ್ಲಿ ಗಂಡಸರ ಮಧ್ಯೆ ನಿಂತು ಬರಬೇಕು. ಮನೆಯಲ್ಲಿ ಅಪ್ಪ, ಅಣ್ಣಂದಿರ ಅನುಮಾನ ಬೇರೆ. 1967ರಲ್ಲಿ ಇಸ್ರೇಲ್ ಎದುರು ಯುದ್ಧ ಸೋತ ನಂತರ ಧರ್ಮದ ಕಡೆಗೆ ವಾಲಿದ ಗಾಳಿಯೂ ಬೀಸುತ್ತಿತ್ತು. ಆಗ ಕ್ಯಾಂಪಸ್ಸಿನಲ್ಲಿ ಕಾಣಿಸಿಕೊಂಡದ್ದು ಉದ್ದನೆಯ ನಿಲುವಂಗಿ ಮತ್ತು ತಲೆವಸ್ತ್ರದ ಹೊಸ ಉಡುಪು. ಅಜ್ಜಿಯ ತರ್ಹಾಕ್ಕೂ ಇದಕ್ಕೂ ವ್ಯತ್ಯಾಸ ಇತ್ತು. ಇದನ್ನು ತೊಟ್ಟವಳು ಓದಿದವಳು, ಹೊರಗೆ ದುಡಿಯುವವಳು. ಒಂದೇ ಉಡುಪಿನಲ್ಲಿ ಖರ್ಚೂ ಕಡಿಮೆ, ಮರ್ಯಾದೆಯೂ ಸಿಕ್ಕಿತು, ಹೊರಗೆ ಓಡಾಡಲು ಅನುಮತಿಯೂ ದೊರೆಯಿತು.

1973ರ ನಂತರ ತೈಲದ ಬೆಲೆ ಏರಿದಾಗ ಲಕ್ಷಾಂತರ ಗಂಡಸರು ಸೌದಿ, ಕುವೈತ್ ಕಡೆ ಕೆಲಸಕ್ಕೆ ಹೋದರು. ವಾಪಸ್ ಬರುವಾಗ ಫ್ಯಾನು, ಕ್ಯಾಸೆಟ್ ಪ್ಲೇಯರ್ ಜತೆಗೆ ಅಲ್ಲಿನ ಹೆಂಗಸರ ಉದ್ದ ನಿಲುವಂಗಿ ಅಬಾಯಾವನ್ನೂ, ಅಲ್ಲಿನ ರೀತಿ ನೀತಿಯನ್ನೂ ತಂದರು. ಆಮೇಲೆ 1990ರ ದಶಕದ ಕೊನೆಯಲ್ಲಿ ಅಮ್ರ್ ಖಾಲಿದ್ ಎಂಬ ಪ್ರವಚನಕಾರ ಬಂದರು. ಗಡ್ಡ ಇಲ್ಲ, ಸೂಟು ತೊಟ್ಟ ಮನುಷ್ಯ. ಆಡುಮಾತಿನ ಅರಬ್ಬಿಯಲ್ಲಿ ಮಾತು. ಇವರನ್ನು ಕೇಳಿ ಹಿಜಾಬ್ ತೊಟ್ಟವರಲ್ಲಿ ಶ್ರೀಮಂತರ ಮನೆಯ ಹುಡುಗಿಯರೂ ಇದ್ದರು. ಅಲ್ಲಿಗೆ ಹಿಜಾಬ್ ಎಲ್ಲ ವರ್ಗಕ್ಕೂ ಮುಟ್ಟಿತು. ಎಲ್ಲರೂ ತೊಟ್ಟ ಮೇಲೆ ಅದರೊಳಗೇ ಮೇಲು ಕೀಳು ಶುರುವಾಯಿತು. ಯಾವ ಬಟ್ಟೆಯದ್ದು, ಹೇಗೆ ಸುತ್ತಿದ್ದು, ಎಷ್ಟು ಕೂದಲು ಕಾಣುತ್ತದೆ, ಇವೆಲ್ಲ ಲೆಕ್ಕಕ್ಕೆ ಬಂದವು.

ಇಲ್ಲಿ 'ಬಾಡಿ' ಎಂಬ ಸಣ್ಣ ಬಟ್ಟೆಯ ಬಗ್ಗೆ ಹೇಳಲೇಬೇಕು. ಮೈಗೆ ಅಂಟಿಕೊಳ್ಳುವ, ಉದ್ದ ತೋಳಿನ ತೆಳು ಬನಿಯನ್ ಇದು. ಅಂಗಡಿಯಲ್ಲಿ ತೋಳಿಲ್ಲದ ಗೌನು ಇಷ್ಟವಾಯಿತಾ? ಒಳಗೊಂದು ಬಾಡಿ ಹಾಕಿಕೊಂಡರೆ ಆಯಿತು. ಗೌನು ಫ್ಯಾಷನ್ನಿನದ್ದು, ತೋಳು ಸಂಪ್ರದಾಯದ್ದು. ಕರೀನಾ ಎಂಬ ಈಜಿಪ್ಟಿನ ಕಂಪನಿ ಇದನ್ನು ಹತ್ತಾರು ಬಣ್ಣಗಳಲ್ಲಿ ಮಾರಿ ಎಷ್ಟು ಹೆಸರು ಮಾಡಿತೆಂದರೆ, ಯಾವ ಕಂಪನಿಯದ್ದಾದರೂ ಜನ 'ಬಾಡಿ ಕರೀನಾ' ಅನ್ನುವ ಮಟ್ಟಿಗೆ ಬಂತು. ವಿದೇಶಿ ಬಟ್ಟೆಯನ್ನು ತಮ್ಮ ಕಟ್ಟಳೆಗೆ ಒಗ್ಗಿಸಿಕೊಳ್ಳಲು ಈಜಿಪ್ಟಿನ ಹೆಣ್ಣುಮಕ್ಕಳು ಕಂಡುಕೊಂಡ ಅತ್ಯಂತ ಜಾಣ ದಾರಿ ಇದು ಅಂತ ನನಗನಿಸುತ್ತದೆ. ಇದರ ಬಗ್ಗೆ ಯಾರೂ ದೊಡ್ಡ ಚರ್ಚೆ ಮಾಡಲಿಲ್ಲ, ಫತ್ವಾಕ್ಕೆ ಕಾಯಲಿಲ್ಲ. ಸುಮ್ನೆ ಹಾಕಿಕೊಂಡರು.

ಈಗಿನ ಹುಡುಗಿಯರು ಅಗಲ ಕಾಲಿನ ಪ್ಯಾಂಟು, ದೊಗಳೆ ಶರ್ಟು ಹಾಕುತ್ತಾರೆ. ಜಗತ್ತಿನ ಫ್ಯಾಷನ್ನೇ ದೊಗಳೆಯಾದದ್ದು ಹಿಜಾಬ್ ಹಾಕುವವರಿಗೆ ಅನುಕೂಲವೇ ಆಯಿತು. ತಲೆವಸ್ತ್ರವನ್ನು ಕುತ್ತಿಗೆ ಹಿಂದೆ ಗಂಟು ಹಾಕುವ 'ಸ್ಪ್ಯಾನಿಷ್' ಶೈಲಿ ಇದೆ, ಟರ್ಬನ್ ಇದೆ. ಓಣಿಯ ಅಂಗಡಿಗೆ ರೊಟ್ಟಿ ತರಲು ಹೋಗುವ ಗೃಹಿಣಿ ಮಾತ್ರ ಇದ್ಯಾವುದಕ್ಕೂ ತಲೆ ಕೆಡಿಸಿಕೊಳ್ಳುವುದಿಲ್ಲ. ನಮಾಜಿಗೆ ತೊಡುವ 'ಇಸ್ದಾಲ್' ಅನ್ನೇ ಮನೆ ಬಟ್ಟೆಯ ಮೇಲೆ ಎಳೆದುಕೊಂಡು ಇಳಿದುಬಿಡುತ್ತಾಳೆ.

ಬಾಗಿಲಲ್ಲಿ ನಿಂತವರು

2022ರಲ್ಲಿ ಬಿಬಿಸಿ ಅರಬ್ಬಿ ವಾಹಿನಿ ಒಂದು ತನಿಖೆ ನಡೆಸಿತು. ಕೈರೋದ ಕೆಲವು ದುಬಾರಿ ರೆಸ್ಟೊರೆಂಟುಗಳು ಹಿಜಾಬ್ ಹಾಕಿದವರಿಗೆ ಟೇಬಲ್ ಕೊಡುವುದಿಲ್ಲ ಎಂಬುದು ಅದರಲ್ಲಿ ಬಯಲಾಯಿತು. ಮೊದಲೇ ಸೋಷಿಯಲ್ ಮೀಡಿಯಾ ಖಾತೆ ಕೇಳುತ್ತಾರೆ, ಫೋಟೊ ನೋಡುತ್ತಾರೆ, ಆಮೇಲೆ ಜಾಗ ಇಲ್ಲ ಅನ್ನುತ್ತಾರೆ. ಬಹುಪಾಲು ಹೆಂಗಸರು ಹಿಜಾಬ್ ಹಾಕುವ ದೇಶದಲ್ಲಿ ಹೀಗೆ! ಹೊರಗಿನವರಿಗೆ ಇದು ವಿಚಿತ್ರ. ಅಂತಸ್ತಿನ ಕಣ್ಣಿನಿಂದ ನೋಡಿದರೆ ವಿಚಿತ್ರವೇನಿಲ್ಲ. ಎಲ್ಲರೂ ಹಾಕುವುದನ್ನು ಹಾಕಿದವರು 'ಎಲ್ಲರಂಥವರು' ತಾನೇ. ದುಬಾರಿ ಜಾಗ ಮಾರುವುದೇ 'ಎಲ್ಲರೂ ಇಲ್ಲಿಲ್ಲ' ಎಂಬ ಭರವಸೆಯನ್ನು.

ಮೆಡಿಟರೇನಿಯನ್ ತೀರದ 'ಸಾಹಿಲ್' ಇದಕ್ಕೆ ಇನ್ನೊಂದು ಕನ್ನಡಿ. ಅಲೆಕ್ಸಾಂಡ್ರಿಯಾಕ್ಕೆ ಹತ್ತಿರದ ಹಳೇ ಬೀಚುಗಳಿಗೆ ಜನ ತಮಾಷೆಗೆ 'ಒಳ್ಳೇ ಸಾಹಿಲ್' ಅನ್ನುತ್ತಾರೆ. ಕುಟುಂಬಗಳು, ಮೈ ಮುಚ್ಚಿದ ಬಟ್ಟೆ, ಮನೆಯಿಂದ ತಂದ ಊಟ. ಪಶ್ಚಿಮಕ್ಕೆ ಹೋದಷ್ಟೂ 'ಕೆಟ್ಟ ಸಾಹಿಲ್'. ಅಲ್ಲಿ ಕೋಟಿಗಟ್ಟಲೆ ಬೆಲೆಯ ವಿಲ್ಲಾ, ಬಿಕಿನಿ, ಡಿಜೆ. ಅಲ್ಲಿನ ಕೆಲವು ಈಜುಕೊಳಗಳಲ್ಲಿ ಬುರ್ಕಿನಿಗೆ, ಅಂದರೆ ಮೈಯೆಲ್ಲ ಮುಚ್ಚುವ ಈಜುಡುಗೆಗೆ, ಪ್ರವೇಶ ಇಲ್ಲ ಎಂಬ ಜಗಳ ಪ್ರತಿ ಬೇಸಿಗೆಯಲ್ಲೂ ಏಳುತ್ತದೆ. 'ಬಟ್ಟೆ ಸ್ವಚ್ಛವಿಲ್ಲ' ಅಂತ ಕಾರಣ ಕೊಡುತ್ತಾರೆ. ಅಸಲಿ ಕಾರಣ ಎಲ್ಲರಿಗೂ ಗೊತ್ತು.

ಗಂಡಸರಿಗೂ ಈ ಬಾಗಿಲು ಇದೆ. ಅವರ ವಿಷಯದಲ್ಲಿ ಅದು ಗಲಾಬೆಯಾ. ಕುತ್ತಿಗೆ ಅಗಲ, ತೋಳು ಅಗಲ, ಕಣಕಾಲಿನವರೆಗೆ ಇಳಿಯುವ ಅಂಗಿ. ನೈಲ್ ದಂಡೆಯ ರೈತನ ಉಡುಪು. ದಕ್ಷಿಣದ ಸಯೀದ್ ಪ್ರಾಂತ್ಯದಲ್ಲಿ ಇವತ್ತಿಗೂ ಗೌರವದ ಉಡುಪೇ. ಅಲ್ಲಿನ ಹಿರಿಯರು ಚಳಿಗಾಲಕ್ಕೆ ಉಣ್ಣೆಯದ್ದನ್ನು ಹೊಲಿಸುತ್ತಾರೆ, ಹೊಲಿಗೆಯಲ್ಲೇ ಮನೆತನದ ಗತ್ತು ತೋರಿಸುತ್ತಾರೆ. ಅದೇ ಗಲಾಬೆಯಾ ತೊಟ್ಟು ಕೈರೋದ ಹೋಟೆಲಿಗೆ ಹೋದರೆ ಕಾವಲುಗಾರ ಅಡ್ಡ ಬರಬಹುದು. ಆ ಕಾವಲುಗಾರನೇ ಸಯೀದ್‌ನವನಾಗಿದ್ದರೂ ಆಶ್ಚರ್ಯವಿಲ್ಲ. ತಮಾಷೆ ಏನೆಂದರೆ ನಗರದ ಇಂಜಿನಿಯರೂ ಶುಕ್ರವಾರದ ನಮಾಜಿಗೆ ಉದ್ದಂಗಿ ತೊಡುತ್ತಾನೆ. ಆದರೆ ಅದು ಬಿಳಿ, ಕಾಲರಿನ, ಕೊಲ್ಲಿ ದೇಶದ ಮಾದರಿಯದ್ದು. ಅಂಥದ್ದಕ್ಕೆ ಯಾರ ತಕರಾರೂ ಇಲ್ಲ.

ಇದರ ಬೇರು ಹಳೆಯದು. ಇಪ್ಪತ್ತನೇ ಶತಮಾನದ ಮೊದಲರ್ಧದಲ್ಲಿ ಸೂಟು ಮತ್ತು ಕೆಂಪು ತರ್ಬೂಶ್ ಟೋಪಿ ತೊಟ್ಟವನು 'ಎಫೆಂದಿ', ಅಂದರೆ ಓದಿದ ನೌಕರದಾರ. ಗಲಾಬೆಯಾದವನು ಹೊಲದವನು. ಆದರೆ ದೇಶದ ಹೆಮ್ಮೆಯಾದ ಆ ಟೋಪಿ ಬರುತ್ತಿದ್ದದ್ದು ಮಧ್ಯ ಯುರೋಪಿನ ಕಾರ್ಖಾನೆಗಳಿಂದ. ಇದು ನಾಚಿಕೆ ಅಂತ 1931ರಲ್ಲಿ ವಿದ್ಯಾರ್ಥಿಗಳು 'ಕಿರ್ಷ್ ಯೋಜನೆ' ಶುರು ಮಾಡಿದರು. ಪ್ರತಿಯೊಬ್ಬರೂ ಒಂದು ಕಿರ್ಷ್, ಅಂದರೆ ಪೌಂಡಿನ ನೂರನೇ ಒಂದು ಭಾಗ, ಕೊಡಿ, ನಮ್ಮದೇ ತರ್ಬೂಶ್ ಕಾರ್ಖಾನೆ ಕಟ್ಟೋಣ ಅಂತ. ಹಣ ಕೂಡಿತು, ಕೈರೋದ ಅಬ್ಬಾಸಿಯಾದಲ್ಲಿ ಕಾರ್ಖಾನೆಯೂ ಎದ್ದಿತು. 1952ರಲ್ಲಿ ರಾಜನನ್ನು ಇಳಿಸಿದ ಸೇನಾಧಿಕಾರಿಗಳು ತರ್ಬೂಶನ್ನೂ ಹಳೇ ಕಾಲದ ಗುರುತೆಂದು ಬದಿಗೆ ಸರಿಸಿದರು.

ನಮ್ಮದೇ ಹತ್ತಿ, ನಮ್ಮದಲ್ಲದ ಟೀ ಶರ್ಟು

ಅದೇ ಸ್ವದೇಶಿ ಹುಮ್ಮಸ್ಸು ಈಗ 'ಲೋಕಲ್ ಬ್ರ್ಯಾಂಡ್' ಅಂತ ಮರಳಿದೆ. ಆಮದು ದುಬಾರಿಯಾದದ್ದು ಒಂದು ಕಾರಣ. 2023ರ ಅಕ್ಟೋಬರಿನ ನಂತರ ಗಾಜಾ ಯುದ್ಧದಿಂದಾಗಿ ಹುಟ್ಟಿದ ಬಹಿಷ್ಕಾರ ಇನ್ನೊಂದು. ಅದೇ ಡಿಸೆಂಬರಿನಲ್ಲಿ ಸ್ಪೇನಿನ ಬಟ್ಟೆ ಕಂಪನಿ ಜಾರಾದ ಒಂದು ಜಾಹೀರಾತು ಹೆಣ ಸುತ್ತಿದ ಹಾಗೆ ಕಾಣುತ್ತದೆ ಅಂತ ಅರಬ್ ದೇಶಗಳಲ್ಲೆಲ್ಲ ಗಲಾಟೆಯಾಯಿತು. ಕಾಟನಿಲ್, ಟೌನ್ ಟೀಮ್‌ನಂಥ ದೇಶಿ ಹೆಸರುಗಳು ಮೊದಲೇ ಇದ್ದವು. ಈಗ ಇನ್‌ಸ್ಟಾಗ್ರಾಂನಿಂದಲೇ ಹುಟ್ಟಿದ ಪುಟ್ಟ ಬ್ರ್ಯಾಂಡುಗಳು ಸೇರಿಕೊಂಡಿವೆ. ಅರಬ್ಬಿ ಅಕ್ಷರ ಬರೆದ ಹೂಡಿ, ಕೈರೋದ ಬೀದಿ ಮಾತು ಅಚ್ಚು ಹಾಕಿದ ಟೀ ಶರ್ಟು. ಅಸಿಯೂತ್, ಸೊಹಾಗ್ ಕಡೆಯ 'ತಲ್ಲಿ' ಕಸೂತಿಯನ್ನು, ಅಂದರೆ ಬೆಳ್ಳಿ ಬಣ್ಣದ ಲೋಹದ ಪಟ್ಟಿಯನ್ನು ಜಾಲರಿ ಬಟ್ಟೆಗೆ ಚುಚ್ಚಿ ಮಾಡುವ ಕೆಲಸವನ್ನು, ವಿನ್ಯಾಸಕಾರರು ಮತ್ತೆ ಬಳಸುತ್ತಿದ್ದಾರೆ. ದಕ್ಷಿಣದ ಕೈಮಗ್ಗವನ್ನು ಯುನೆಸ್ಕೊ 2020ರಲ್ಲಿ ತುರ್ತಾಗಿ ಉಳಿಸಬೇಕಾದ ಕಲೆಗಳ ಪಟ್ಟಿಗೆ ಸೇರಿಸಿದೆ. ತುರ್ತಾಗಿ ಎಂಬ ಪದವೇ ಅದರ ಸ್ಥಿತಿ ಹೇಳುತ್ತದೆ.

ಹಾಗಾದರೆ ಜಗತ್ಪ್ರಸಿದ್ಧ ಈಜಿಪ್ಟ್ ಹತ್ತಿ ಎಲ್ಲಿ ಹೋಯಿತು? ಅದು ಉದ್ದ ಎಳೆಯ, ದುಬಾರಿ ಹತ್ತಿ. ಬಹಳಷ್ಟು ರಫ್ತಾಗುತ್ತದೆ. ಅದನ್ನು ಕೊಳ್ಳುವ ದೊಡ್ಡ ದೇಶಗಳಲ್ಲಿ ಭಾರತವೂ ಒಂದು. ಈಜಿಪ್ಟಿನ ಗಿರಣಿಗಳು ದಿನಬಳಕೆಯ ಬಟ್ಟೆಗೆ ಹೊರಗಿನಿಂದ ತಂದ ಅಗ್ಗದ ಗಿಡ್ಡ ಎಳೆಯ ಹತ್ತಿಯನ್ನು, ನೂಲನ್ನು ಬಳಸುತ್ತವೆ. ಭಾರತದ ನೂಲೂ ಅಲ್ಲಿಗೆ ಹೋಗುತ್ತದೆ. ಹೀಗಾಗಿ 'ಪಕ್ಕಾ ಈಜಿಪ್ಟಿನದ್ದು' ಅಂತ ಮಾರುವ ಟೀ ಶರ್ಟಿನ ದರವೂ ಡಾಲರ್ ಜತೆ ಏರುತ್ತದೆ.

ಒಂದು ಕಾಲಕ್ಕೆ ನೈಲ್ ಮುಖಜಭೂಮಿಯ ಬಿಳಿ ಬಂಗಾರ ಇದು. 1861ರಿಂದ 65ರವರೆಗಿನ ಅಮೆರಿಕದ ಅಂತರ್ಯುದ್ಧದಲ್ಲಿ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಿಗದೆ ಈಜಿಪ್ಟಿಗೆ ಅದೃಷ್ಟ ಖುಲಾಯಿಸಿತು. ಅದೇ ಹೊತ್ತಿಗೆ ಧಾರವಾಡದ ಹತ್ತಿಗೂ ಬೇಡಿಕೆ ಬಂದಿತ್ತು. 1927ರಲ್ಲಿ ಉದ್ಯಮಿ ತಲತ್ ಹರ್ಬ್ ಅವರ ಮಿಸ್ರ್ ಬ್ಯಾಂಕು ಮಹಲ್ಲಾ ಊರಿನಲ್ಲಿ ದೊಡ್ಡ ಗಿರಣಿ ಕಟ್ಟಿತು. ನಾಸರ್ ಅದನ್ನು ರಾಷ್ಟ್ರೀಕರಣ ಮಾಡಿದರು. ಆಮೇಲೆ ದಶಕಗಟ್ಟಲೆ ಹಳೇ ಯಂತ್ರ, ನಷ್ಟ, ಮುಷ್ಕರ. ಹತ್ತಿ ಬೆಳೆಯುವ ಹೊಲವೂ ಮೊದಲಿನದರ ಒಂದು ಸಣ್ಣ ಪಾಲಿಗೆ ಇಳಿಯಿತು. ಬೆಳೆ ಕಡಿಮೆಯಾದರೂ ಹೆಸರು ಮಾತ್ರ ಎಲ್ಲ ಕಡೆ ಮಾರಾಟವಾಗುತ್ತಿತ್ತು. 2016ರ ಆಗಸ್ಟಿನಲ್ಲಿ ಅಮೆರಿಕದ ಟಾರ್ಗೆಟ್ ಕಂಪನಿ ಭಾರತದ ವೆಲ್‌ಸ್ಪನ್ ಜತೆಗಿನ ವ್ಯವಹಾರ ಕಡಿದುಕೊಂಡಿತು. ಈಜಿಪ್ಟ್ ಹತ್ತಿಯದ್ದೆಂದು ಕೊಟ್ಟ ಹಾಸಿಗೆ ಬಟ್ಟೆಯಲ್ಲಿ ಬೇರೆ ಹತ್ತಿ ಇತ್ತು ಎಂಬುದು ಕಾರಣ.

ದುಡ್ಡಿಲ್ಲದಿದ್ದರೂ ಬ್ರ್ಯಾಂಡ್ ಬೇಕು ಎಂಬ ಒತ್ತಡ ಎಲ್ಲಿಗೆ ಮುಟ್ಟಬಹುದು? 2012ರ ಲಂಡನ್ ಒಲಿಂಪಿಕ್ಸ್‌ಗೆ ಹೊರಟ ಈಜಿಪ್ಟ್ ತಂಡಕ್ಕೆ ಕೊಟ್ಟ ನೈಕಿ ಕಿಟ್ ನಕಲಿ ಅಂತ ಒಬ್ಬ ಈಜುಗಾರ್ತಿ ಬಯಲು ಮಾಡಿದರು. ದೇಶದ ಹಣಕಾಸು ಪರಿಸ್ಥಿತಿ ಹಾಗಿದೆ ಅಂತ ಒಲಿಂಪಿಕ್ ಸಮಿತಿಯ ಮುಖ್ಯಸ್ಥರು ಸಮರ್ಥಿಸಿಕೊಂಡರು. ಕೊನೆಗೆ ನೈಕಿಯೇ ಅಸಲಿ ಕಿಟ್ ಕೊಟ್ಟಿತು.

ಮದುವೆಯ ಗಂಟು

ಫ್ಯಾಷನ್ ಬಗ್ಗೆ ಬರೆಯುವವರು ಹೆಚ್ಚಾಗಿ ಮುಟ್ಟದ ಒಂದು ವಿಷಯ 'ಗಿಹಾಜ್'. ಮದುಮಗಳು ಹೊಸ ಮನೆಗೆ ಒಯ್ಯುವ ಸಾಮಾನು. ಪಾತ್ರೆ, ಫ್ರಿಜ್ ಜತೆಗೆ ಬಟ್ಟೆಯ ರಾಶಿ. ಅಬಾಯಾ, ನೈಟ್‌ಗೌನ್, ಟವೆಲ್, ಚಾದರ, ಕಂಬಳಿ ಎಲ್ಲ ಡಜನ್ ಲೆಕ್ಕದಲ್ಲಿ. ಎಷ್ಟೋ ಬಟ್ಟೆಯನ್ನು ಆಕೆ ಜೀವನದಲ್ಲಿ ಒಮ್ಮೆಯೂ ಉಡುವುದಿಲ್ಲ. ಹಳ್ಳಿಗಳಲ್ಲಿ ಇದನ್ನು ತೆರೆದ ಗಾಡಿಗೆ ಹೇರಿ, ಹಾಡು ಹೇಳುತ್ತಾ ಊರಿಗೆಲ್ಲ ಕಾಣುವಂತೆ ಒಯ್ಯುತ್ತಾರೆ. ಪಕ್ಕದ ಮನೆಯ ಹುಡುಗಿಗಿಂತ ಕಡಿಮೆ ಆಗಬಾರದು.

ಇದಕ್ಕೆ ತಾಯಂದಿರು ಸಾಲ ಮಾಡುತ್ತಾರೆ. ಅಂಗಡಿಯವನು ಖಾಲಿ ಕಾಗದಕ್ಕೆ, 'ಇಷ್ಟು ಹಣ ನಂಬಿ ನನ್ನ ಬಳಿ ಇಟ್ಟಿದ್ದಾರೆ' ಎಂಬ ರಸೀದಿಗೆ ಸಹಿ ಹಾಕಿಸಿಕೊಳ್ಳುತ್ತಾನೆ. ಕಂತು ತಪ್ಪಿದರೆ ಅದು ಕ್ರಿಮಿನಲ್ ಕೇಸು, ಜೈಲು. ಹೀಗೆ ಜೈಲು ಸೇರಿದ ಹೆಂಗಸರಿಗೆ 'ಗಾರಿಮಾತ್' ಎಂಬ ಹೆಸರೇ ಇದೆ. ದಾನಿಗಳು, ಸರ್ಕಾರದ ನಿಧಿ ಇವರ ಸಾಲ ತೀರಿಸಿ ಬಿಡಿಸುವುದು ಆಗಾಗ ಟಿವಿಯಲ್ಲಿ ಬರುತ್ತದೆ. ಪೌಂಡ್ ಬಿದ್ದ ಮೇಲೆ ಪಟ್ಟಿ ಚಿಕ್ಕದು ಮಾಡೋಣ ಎಂಬ ಮಾತು ಜೋರಾಗಿದೆ. ಹಿಜಾಬ್ ಬಗ್ಗೆ ನಡೆಯುವ ವಾದದ ಹತ್ತನೇ ಒಂದು ಪಾಲಾದರೂ ಈ ಟವೆಲ್ ರಾಶಿಯ ಬಗ್ಗೆ ನಡೆದಿದ್ದರೆ ಎಷ್ಟೋ ತಾಯಂದಿರು ಮನೆಯಲ್ಲಿರುತ್ತಿದ್ದರು.

ಯಾರ ಮೈ, ಯಾರ ಮಾತು

ಕಾನೂನಿನಲ್ಲಿ ಹಿಜಾಬ್ ಕಡ್ಡಾಯವೂ ಅಲ್ಲ, ನಿಷೇಧವೂ ಅಲ್ಲ. ಸರ್ಕಾರದ ತಕರಾರು ಮುಖ ಮುಚ್ಚುವ ನಿಖಾಬ್ ಜತೆ. ಕೈರೋ ವಿಶ್ವವಿದ್ಯಾಲಯದ ಅಧ್ಯಾಪಕಿಯರು ನಿಖಾಬ್ ತೊಡುವಂತಿಲ್ಲ ಎಂಬ ನಿಯಮವನ್ನು 2020ರಲ್ಲಿ ಆಡಳಿತಾತ್ಮಕ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು. 2023ರ ಸೆಪ್ಟೆಂಬರಿನಲ್ಲಿ ಶಿಕ್ಷಣ ಇಲಾಖೆ ಶಾಲೆಗಳಲ್ಲಿ ನಿಖಾಬ್ ನಿಷೇಧಿಸಿತು. ತಲೆವಸ್ತ್ರ ಹುಡುಗಿಯ ಇಷ್ಟ, ಪೋಷಕರಿಗೆ ತಿಳಿದಿರಬೇಕು ಅಂದಿತು. 2022ರ ಉಡುಪಿಯ ಹಿಜಾಬ್ ವಿವಾದದ ಹೊತ್ತಿನಲ್ಲಿ ಮುಸ್ಲಿಂ ದೇಶಗಳ ಉದಾಹರಣೆ ಕೊಟ್ಟು ವಾದಿಸಿದವರು ಈ ವ್ಯತ್ಯಾಸ ಗಮನಿಸಬೇಕು. ಇನ್ನು 2013ರಲ್ಲಿ ಮುಸ್ಲಿಂ ಬ್ರದರ್‌ಹುಡ್‌ನ ಮೊರ್ಸಿ ಸರ್ಕಾರ ಬಿದ್ದ ಮೇಲೆ ಗಂಡಸರ ಉದ್ದ ಗಡ್ಡವೂ ಅನುಮಾನದ ವಸ್ತುವಾಯಿತು.

ಬೀದಿಯ ಮಾತು ಬೇರೆ. 2013ರ ವಿಶ್ವಸಂಸ್ಥೆಯ ಅಧ್ಯಯನದಲ್ಲಿ ಪ್ರಶ್ನಿಸಿದ ಹೆಂಗಸರಲ್ಲಿ ಶೇ 99.3 ಮಂದಿ ಒಂದಲ್ಲ ಒಂದು ಬಗೆಯ ಲೈಂಗಿಕ ಕಿರುಕುಳ ಅನುಭವಿಸಿದ್ದಾಗಿ ಹೇಳಿದರು. ಶೇ 99.3 ಅಂದರೆ ತಲೆ ಮುಚ್ಚಿದವರೂ ಅದರಲ್ಲಿ ಇದ್ದಾರೆ ಅಂತಾಯಿತು. ಬಟ್ಟೆ ಸರಿಯಿದ್ದರೆ ಯಾರೂ ಮುಟ್ಟುವುದಿಲ್ಲ ಎಂಬ ವಾದ ಅಲ್ಲಿಗೇ ಮುಗಿಯಬೇಕಿತ್ತು. ಮುಗಿಯಲಿಲ್ಲ. 2022ರ ಜೂನ್‌ನಲ್ಲಿ ಮನ್ಸೂರಾದಲ್ಲಿ ಒಬ್ಬ ವಿದ್ಯಾರ್ಥಿನಿಯನ್ನು ಸಹಪಾಠಿಯೇ ವಿಶ್ವವಿದ್ಯಾಲಯದ ಗೇಟಿನ ಮುಂದೆ ಕೊಂದ. ಟಿವಿಯಲ್ಲಿ ಹೆಸರು ಮಾಡಿದ್ದ, ಇಸ್ಲಾಮಿಕ್ ವಿಶ್ವವಿದ್ಯಾಲಯ ಅಜ್‌ಹರ್‌ನ ಪ್ರಾಧ್ಯಾಪಕರೊಬ್ಬರು, ಜೀವ ಉಳಿಯಬೇಕೆಂದರೆ ಬುಟ್ಟಿಯ ಹಾಗೆ ಮುಚ್ಚಿಕೊಂಡು ಹೊರಡಿ ಅಂದರು. ಜನ ಕೆರಳಿದರು.

ಪ್ರಸಿದ್ಧರಿಗೂ ಬಿಡುವಿಲ್ಲ. 2018ರ ಕೈರೋ ಚಿತ್ರೋತ್ಸವದಲ್ಲಿ ಕಾಲು ಕಾಣುವ ಜಾಲರಿ ಗೌನು ತೊಟ್ಟ ನಟಿ ರಾನಿಯಾ ಯೂಸುಫ್ ಮೇಲೆ ವಕೀಲರು ದೂರು ಕೊಟ್ಟರು, ಆಮೇಲೆ ವಾಪಸ್ ತಗೊಂಡರು. 2025ರ ಏಪ್ರಿಲ್‌ನಲ್ಲಿ ಗಾಯಕ ಮೊಹಮದ್ ರಮದಾನ್ ಅಮೆರಿಕದ ಕೋಚೆಲ್ಲಾ ಉತ್ಸವದಲ್ಲಿ ಹಾಕಿದ ಹೊಳೆಯುವ ಮೇಲಂಗಿ ಬೆಲ್ಲಿ ಡಾನ್ಸರಿನದ್ದರಂತೆ ಇದೆ ಅಂತ ದೇಶವೇ ಜಗಳವಾಡಿತು. ಗಂಡಸಿನ ಬಟ್ಟೆಯ ಮೇಲೆ ಇಷ್ಟು ಚರ್ಚೆ ನಡೆದದ್ದು ಅಪರೂಪ. 2020ರ ಕೊನೆಯಲ್ಲಿ ಸಕ್ಕಾರಾ ಪಿರಮಿಡ್ಡಿನ ಬಳಿ ಫೆರೋ ಕಾಲದ ಶೈಲಿಯ ಬಿಗಿ ಉಡುಪು ತೊಟ್ಟು ಫೋಟೊ ತೆಗೆಸಿಕೊಂಡ ರೂಪದರ್ಶಿಯನ್ನು, ಫೋಟೊಗ್ರಾಫರನ್ನು ಪೊಲೀಸರು ಹಿಡಿದರು. ತಲಾ 500 ಪೌಂಡ್ ಜಾಮೀನಿನ ಮೇಲೆ ಬಿಟ್ಟರು. ಸುಮಾರು ನಾಲ್ಕೇ ತಿಂಗಳು ಕಳೆದಿತ್ತು. 2021ರ ಏಪ್ರಿಲ್ 3ರಂದು 22 ಮಮ್ಮಿಗಳನ್ನು ಹೊಸ ಮ್ಯೂಸಿಯಮ್ಮಿಗೆ ಸಾಗಿಸುವ ಮೆರವಣಿಗೆಯನ್ನು ಸರ್ಕಾರವೇ ನಡೆಸಿತು. ಫೆರೋ ಕಾಲದ ಉಡುಪು ತೊಟ್ಟ ಕಲಾವಿದೆಯರು ಅದರ ಮುಖ್ಯ ಆಕರ್ಷಣೆ! 2025ರ ನವೆಂಬರ್ 1ರಂದು ಗ್ರ್ಯಾಂಡ್ ಈಜಿಪ್ಶಿಯನ್ ಮ್ಯೂಸಿಯಂ ಉದ್ಘಾಟನೆಯ ಹೊತ್ತಿಗೆ ಸಾಮಾನ್ಯ ಜನರೂ ಎಐ ಬಳಸಿ ತಮ್ಮ ಫೋಟೊಗೆ ಫೆರೋ ವೇಷ ತೊಡಿಸಿ ಹಂಚಿಕೊಂಡರು. ಡಾಲರಿನ ದರಕ್ಕೂ ಈ ವೇಷಕ್ಕೂ ಸಂಬಂಧ ಇರಲಿಲ್ಲ. ಖರ್ಚೇ ಇಲ್ಲದ ಫ್ಯಾಷನ್.

ಮುಂದೆ ಏನು

ಪೌಂಡ್ ಅಗ್ಗವಾದದ್ದರಿಂದ ಗೆದ್ದವರೂ ಇದ್ದಾರೆ. ರಫ್ತಿನ ಗಾರ್ಮೆಂಟ್ ಕಾರ್ಖಾನೆಯವರು. 2024ರಲ್ಲಿ ಈಜಿಪ್ಟಿನ ಸಿದ್ಧ ಉಡುಪಿನ ರಫ್ತು ಸುಮಾರು 280 ಕೋಟಿ ಡಾಲರ್ ಮುಟ್ಟಿತು. 2004ರ ಒಂದು ಒಪ್ಪಂದ ಇದಕ್ಕೆ ಬುನಾದಿ. ಬಟ್ಟೆಯಲ್ಲಿ ಇಸ್ರೇಲಿನ ಸಾಮಗ್ರಿ ಒಂದು ಪಾಲು ಇದ್ದರೆ ಅಮೆರಿಕಕ್ಕೆ ಸುಂಕವಿಲ್ಲದೆ ಕಳಿಸಬಹುದು ಎಂಬ ಒಪ್ಪಂದ. ಮೊದಲು ಆ ಪಾಲು ಶೇ 11.7 ಇತ್ತು, ಈಗ ಶೇ 10.5. ಬೀದಿಯಲ್ಲಿ ಬಹಿಷ್ಕಾರ, ಕಾರ್ಖಾನೆಯಲ್ಲಿ ಇಸ್ರೇಲಿನ ಜಿಪ್ಪು. ಎರಡೂ ಒಟ್ಟಿಗೇ ನಡೆಯುತ್ತವೆ, ಎಲ್ಲರಿಗೂ ಗೊತ್ತಿದ್ದೇ ನಡೆಯುತ್ತವೆ.

ಟರ್ಕಿಯ ಕಾರ್ಖಾನೆಗಳು ಈಗ ಈಜಿಪ್ಟಿಗೆ ಸಾಲುಗಟ್ಟಿ ಬರುತ್ತಿವೆ. 2025ರಲ್ಲಿ ಟರ್ಕಿಯ ಕನಿಷ್ಠ ವೇತನ 600 ಡಾಲರಿನ ಆಸುಪಾಸು. ಈಜಿಪ್ಟಿನದ್ದು 140. ಬೇರೆ ಕಾರಣ ಹುಡುಕಬೇಕಿಲ್ಲ. ಅದೇ ವರ್ಷ ಅಮೆರಿಕ ಈಜಿಪ್ಟಿನ ಮೇಲೆ ಶೇ 10 ಹೊಸ ಸುಂಕ ಹಾಕಿತು, ಆಗಸ್ಟಿನಲ್ಲಿ ಭಾರತದ ಮೇಲೆ ಶೇ 50. ಬೆಂಗಳೂರಿನ ಗಾರ್ಮೆಂಟ್ ಕಾರ್ಖಾನೆಗಳಿಗೆ ಆರ್ಡರ್ ಕೊಡುತ್ತಿದ್ದ ಅಮೆರಿಕದ ಖರೀದಿದಾರರ ಮುಂದೆ ಈಜಿಪ್ಟಿನ ಪೋರ್ಟ್ ಸೈದ್, ಇಸ್ಮಾಯಿಲಿಯಾದ ಹೆಸರೂ ಬಂದು ಕೂತಿತು. ಮೈಸೂರು ರಸ್ತೆಯ ಗಾರ್ಮೆಂಟ್ ಹೆಣ್ಣುಮಗಳಿಗೂ ನೈಲ್ ದಂಡೆಯ ಹೆಣ್ಣುಮಗಳಿಗೂ ಪೈಪೋಟಿ. ಇಬ್ಬರಲ್ಲಿ ಯಾರ ಸಂಬಳವೂ ಹೊಲಿದ ಬಟ್ಟೆಯನ್ನು ಕೊಳ್ಳಲು ಸಾಲದು.

ಆದರೂ ಈಜಿಪ್ಟಿನಲ್ಲಿ ಹೊಲಿದ ಬಟ್ಟೆ ಅಲ್ಲಿನವರ ಕೈಗೆ ಇನ್ನೊಂದು ದಾರಿಯಿಂದ ಬರುತ್ತದೆ. ತೋಳಿನಲ್ಲಿ ಒಂದು ಹೊಲಿಗೆ ತಪ್ಪಿದ್ದು, ಅಳತೆ ಹೆಚ್ಚು ಕಡಿಮೆ ಆದದ್ದು, ಆರ್ಡರಿಗಿಂತ ಜಾಸ್ತಿ ಹೊಲಿದದ್ದು 'ಬವಾಕಿ ತಸ್ದೀರ್', ಅಂದರೆ ರಫ್ತಿನ ಉಳಿಕೆ, ಎಂಬ ಬೋರ್ಡು ಹಾಕಿದ ಅಂಗಡಿಗಳಲ್ಲಿ ಸಿಗುತ್ತದೆ. ಎಷ್ಟೋ ಅಂಗಿಗಳ ಲೇಬಲ್ಲನ್ನು ಕತ್ತರಿಸಿರುತ್ತಾರೆ. ಗಿರಾಕಿಗಳು ಹೊಲಿಗೆ ನೋಡಿಯೇ ಕಂಪನಿ ಯಾವುದು ಅಂತ ಹೇಳುತ್ತಾರೆ. ಈದ್‌ಗೆ ಬಾಲಾ ತಗೊಳ್ಳಲು ಮನಸ್ಸಿಲ್ಲದ, ಮಾಲ್‌ಗೆ ಹೋಗಲು ದುಡ್ಡಿಲ್ಲದ ಮನೆಗಳು ಈಗ ಹೆಚ್ಚಾಗಿ ಹೋಗುತ್ತಿರುವುದು ಅಲ್ಲಿಗೇ.